ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ

ಎಣ್ಣೆಯೆಂದೊಡನೆ ನಮ್ಮ ನೆನಪಿಗೆ ಬರುವುದು ದೇವರ ಮುಂದಿನ ದೀಪ, ಒಲೆಯ ಮೇಲಿನ ಬಾಣಲೆ, ಹಬ್ಬದ ದಿನದ ಅಭ್ಯಂಜನ. ಚಕ್ರಕ್ಕೆ ಹಾಕುವ ಎಣ್ಣೆ ಈ ಸಾಲಿನಲ್ಲಿ ಬರುವುದಿಲ್ಲ. ಅದು ಕಪ್ಪು, ಕೈಗೆ ಅಂಟಿದರೆ ಬೇಗ ಬಿಡದು, ಪಂಚೆಗೆ ತಾಗಿದರೆ ಎಷ್ಟು ಒಗೆದರೂ ಹೋಗದು. ಆದರೂ ಊರಿನಿಂದ ಊರಿಗೆ ಭತ್ತ ಸಾಗಿದ್ದು, ಮದುವೆಯ ದಿಬ್ಬಣ ಹೊರಟದ್ದು, ಜಾತ್ರೆಗೆ ಜನ ಸೇರಿದ್ದು ಈ ಕಪ್ಪೆಣ್ಣೆಯ ಬಲದಿಂದಲೇ.

ನಾನು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದವನು. ನಂಜನಗೂಡಿನ ರಸ್ತೆಯ ಬದಿಯಲ್ಲಿ ಹಲವು ವರ್ಷ ಮೋಟಾರುಗಳ ಎಣ್ಣೆ ಬದಲಿಸುವ ಚಿಕ್ಕದೊಂದು ಅಂಗಡಿಯನ್ನು ನಡೆಸಿದೆ. ಆ ಕೆಲಸದಲ್ಲಿ ಕೈ ಕಪ್ಪಾದಂತೆಲ್ಲ, ಇದಕ್ಕೂ ಒಂದು ಚರಿತ್ರೆಯಿರಬೇಕಲ್ಲ ಎಂಬ ಕುತೂಹಲ ಬೆಳೆಯಿತು. ಹುಡುಕುತ್ತ ಹೋದಾಗ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮ ಹಿರಿಯರು ಚಕ್ರಕ್ಕೆ ಎಣ್ಣೆಯನ್ನು ‘ಹಾಕುತ್ತಿದ್ದರು’. ನಾವು ಎಂಜಿನ್ನಿನ ಎಣ್ಣೆಯನ್ನು ‘ಬದಲಿಸುತ್ತೇವೆ’. ಮಾತು ಚಿಕ್ಕದು. ಆದರೆ ಬದಲಿಸುವುದೆಂದರೆ ಹೊಸದನ್ನು ಹಾಕುವ ಮೊದಲು ಹಳೆಯದನ್ನು ಹೊರಗೆ ತೆಗೆಯಬೇಕಾಗುತ್ತದೆ. ಆ ಹಳೆಯದನ್ನು ಏನು ಮಾಡಬೇಕೆಂಬ ಪ್ರಶ್ನೆ ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ.

ಮೊದಲು ಗಾಡಿಯನ್ನೇ ನೋಡೋಣ. ಗಾಡಿಯ ಗುಂಭ ಅಚ್ಚಿನ ಮೇಲೆ ಉಜ್ಜುತ್ತ ತಿರುಗುತ್ತದೆ. ಎಣ್ಣೆಯಿಲ್ಲದಿದ್ದರೆ ಅದರ ಕೀರಲು ಊರ ಹೊರಗಿನಿಂದಲೇ ಕೇಳುತ್ತದೆ, ಅಚ್ಚು ಸವೆಯುತ್ತದೆ, ಎತ್ತಿನ ಹೆಗಲು ನೋಯುತ್ತದೆ. ಅದಕ್ಕೆಂದು ಕೀಲೆಣ್ಣೆ. ಹುಲ್ಲನ್ನು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದರು. ದೂರದ ಪ್ರಯಾಣದಲ್ಲಿ ಗಾಡಿಯ ಒಂದು ಮಗ್ಗುಲನ್ನು ಎತ್ತಿ, ಕೋಲು ಕೊಟ್ಟು, ಕಡಾಣಿ ಕಿತ್ತು, ಗಾಲಿಯನ್ನು ಹೊರಕ್ಕೆ ಸರಿಸಿ ಅಚ್ಚಿಗೆ ಕೀಲೆಣ್ಣೆ ಬಳಿಯುವುದು ಗಾಡಿ ಹೊಡೆಯುವವನ ನಿತ್ಯಕರ್ಮ. ಹರಳೆಣ್ಣೆಗೆ ಜಿಗುಟಿದೆ, ಬಿಸಿಯಲ್ಲಿಯೂ ಅದು ಬೇಗ ಸೋರಿ ಹೋಗದು. ಕರಿ ಅದನ್ನು ಮತ್ತಷ್ಟು ಗಟ್ಟಿ ಮಾಡುತ್ತಿತ್ತು. ಹಾಕಿದ ಎಣ್ಣೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಸೋರಿ ಧೂಳಿನಲ್ಲಿ ಬೀಳುತ್ತಿತ್ತು. ಹೊಲದಿಂದ ಬಂದುದು ಮಣ್ಣಿಗೆ ಮರಳುತ್ತಿತ್ತು. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಈ ಎಣ್ಣೆಗೆ ಹೊರಗಿನವರ ಹಂಗಿರಲಿಲ್ಲ. ಹೊಲದ ಅಂಚಿನಲ್ಲಿ, ರಾಗಿಯ ಸಾಲುಗಳ ನಡುವೆ ಹರಳು ಬೆಳೆಯುತ್ತಿತ್ತು. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ; ಅದನ್ನು ಸೌಟಿನಿಂದ ತೆಗೆದಿಟ್ಟುಕೊಳ್ಳುವುದು ಹೆಂಗಸರ ಕೆಲಸ. ಎಳ್ಳು, ಹುಚ್ಚೆಳ್ಳು, ಹೊಂಗೆಗಳಿಗೆ ಊರಿನ ಗಾಣವಿತ್ತು. ೧೨ನೆಯ ಶತಮಾನದ ಶರಣರ ಹೆಸರುಗಳಲ್ಲಿ ಗಾಣದ ಕಣ್ಣಪ್ಪನೂ ಇದ್ದಾನೆ, ದೋಣಿಯ ಅಂಬಿಗರ ಚೌಡಯ್ಯನೂ ಇದ್ದಾನೆ. ಕನ್ನಡ ನಾಡಿನ ಶಾಸನಗಳಲ್ಲಿ ಗಾಣದೆರೆಯ ಪ್ರಸ್ತಾಪ, ದೇವಾಲಯದ ನಂದಾದೀಪಕ್ಕೆ ಗಾಣದ ಎಣ್ಣೆಯನ್ನು ಬಿಟ್ಟುಕೊಟ್ಟ ಪ್ರಸ್ತಾಪ ಪದೇಪದೇ ಬರುತ್ತದೆ. ನಮ್ಮ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು ೧೮೯೪ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೂ ಇಲ್ಲಿನ ಹರಳಿನ ಬೆಳೆಯನ್ನೂ ಎಣ್ಣೆ ತೆಗೆಯುವ ಕ್ರಮವನ್ನೂ ಗಮನಿಸಿ ಬರೆದಿಟ್ಟಿದ್ದಾನೆ. ಅರಸು ತೆರಿಗೆ ಹಾಕುವಷ್ಟು, ಪರದೇಶಿ ಬರೆದಿಡುವಷ್ಟು ಎಣ್ಣೆಯ ಉದ್ಯೋಗ ಇಲ್ಲಿ ಬಲವಾಗಿತ್ತು.

ನೆಲದ ಮೇಲೆ ಗಾಡಿಯಾದರೆ ನೀರಿನ ಮೇಲೆ ಹರಿಗೋಲು. ತಿರುಮಕೂಡಲಿನಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಸಂಗಮಕ್ಕೆ ಬಂದವರಿಗೂ ತಲಕಾಡಿಗೆ ಹೊರಟವರಿಗೂ ಅಂಬಿಗನೇ ಗತಿ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿ, ಅದರ ಹೊರಗೆ ಹೊದಿಸಿದ ಚರ್ಮ, ಇದೇ ಹಳೆಯ ಹರಿಗೋಲು. ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ೧೮೦೩ರ ಮರಾಠಾ ಯುದ್ಧದಲ್ಲಿ ತುಂಬಿದ ನದಿಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದನು. ಕಾಲಕ್ರಮದಲ್ಲಿ ಚರ್ಮದ ಬದಲು ತಾಡಪಾಲು, ಪ್ಲಾಸ್ಟಿಕ್ ಹಾಳೆಗಳು ಬಂದವು. ಅದರ ಮೇಲೆ ಡಾಂಬರು ಬಳಿಯುವ ರೂಢಿ ಬಂತು. ಕರಾವಳಿಯಲ್ಲಿ ಮೀನುಗಾರರು ದೋಣಿಯ ಮರಕ್ಕೆ ಬೂತಾಯಿ ಮೀನಿನ ಎಣ್ಣೆಯನ್ನು ಬಳಿಯುತ್ತಿದ್ದರು. ಗಾಡಿಗೆ ಎಣ್ಣೆ ಬೇಕಾದದ್ದು ಕೀಲಿಗೆ. ದೋಣಿಗೆ ಬೇಕಾದದ್ದು ಮೈಗೆ. ಒಂದು ಸವೆಯದಿರಲು, ಇನ್ನೊಂದು ನೆನೆಯದಿರಲು. ಎರಡೂ ಕಡೆ ಎಣ್ಣೆಯನ್ನು ಹಾಕುವುದಷ್ಟೇ. ತೆಗೆಯುವ ಮಾತೇ ಇಲ್ಲ.

ಉಗಿಯ ಯುಗ ಬಂದಾಗಲೂ ಹರಳು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ೧೮೮೨ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ, ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ಕಪಿಲೆಯ ಮೇಲೆ ೧೭೩೫ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಹಳಿ ಹಾಸಿದರು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ರೈಲನ್ನೂ ಹೊತ್ತು ನಿಂತಿತು. ೧೯೨೬ರಲ್ಲಿ ಆ ಹಳಿ ಚಾಮರಾಜನಗರದವರೆಗೆ ಮುಂದುವರಿದು, ನಮ್ಮ ನೆರೆಯ ಬದನವಾಳಿನ ಕಡೆಯವರೂ ರೈಲಿನ ಸದ್ದು ಕೇಳಿದರು. ಹಿಂದೂಸ್ತಾನದ ರೈಲ್ವೆಗಳು ಆ ಕಾಲದಲ್ಲಿ ಎಂಜಿನ್ನಿನ ಕೀಲುಗಳಿಗೂ ಡಬ್ಬಿಗಳ ಅಚ್ಚುಗಳಿಗೂ ಹರಳೆಣ್ಣೆಯನ್ನು ಧಾರಾಳವಾಗಿ ಬಳಸುತ್ತಿದ್ದವು. ದೀಪಗಳಿಗೂ ಅದೇ ಎಣ್ಣೆ. ಉದ್ದ ಮೂತಿಯ ಎಣ್ಣೆಡಬ್ಬಿ ಹಿಡಿದು ನಿಂತ ರೈಲಿನ ಪಕ್ಕದಲ್ಲಿ ಬಾಗಿ ಬಾಗಿ ನಡೆಯುತ್ತಿದ್ದ ನೌಕರನು, ಗಾಡಿಯವನು ಗೊಟ್ಟದಿಂದ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದ್ದನು. ಗಾಂಧೀಜಿಯವರು ೧೯೨೭ರಲ್ಲಿ ಭೇಟಿ ಕೊಟ್ಟ ಬದನವಾಳಿನ ಖಾದಿ ಕೇಂದ್ರದ ರಾಟೆಗಳ ಕದಿರಿಗೂ ಒಂದು ತೊಟ್ಟು ಎಣ್ಣೆ ಬೇಕಿತ್ತು. ತಿರುಗುವ ವಸ್ತು ಯಾವುದಾದರೇನು, ಎಣ್ಣೆಯ ಧರ್ಮ ಒಂದೇ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳಲೇಬೇಕು. ನನ್ನ ಅಂಗಡಿಗೆ ಬರುತ್ತಿದ್ದವರಲ್ಲಿ ಅನೇಕರು ‘ಕ್ಯಾಸ್ಟ್ರಾಲ್ ಹಾಕಿ’ ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಆ ಹೆಸರಿನೊಳಗೆ ಹರಳಿದೆಯೆಂದು ಹೇಳಿದರೆ ನಗುತ್ತಿದ್ದರು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎಂದು ಹೆಸರು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬ ಇಂಗ್ಲಿಷ್ ವರ್ತಕನು ೧೯೦೯ರಲ್ಲಿ ಕಾರು ಮತ್ತು ವಿಮಾನಗಳಿಗೆಂದು ಹೊರತಂದ ಎಣ್ಣೆಯಲ್ಲಿ ಹರಳೆಣ್ಣೆಯನ್ನು ಬೆರೆಸಿದ್ದನು. ಅದರಿಂದಲೇ ಆ ಹೆಸರು. ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಸುತ್ತು ಎಂಜಿನ್ನಿನ ವಿಮಾನಗಳಿಗೆ ಹರಳೆಣ್ಣೆಯೇ ಜೀವ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಆದ್ದರಿಂದ ಆ ಎಂಜಿನ್ನುಗಳಿಗೆ ಒಗ್ಗುತ್ತಿತ್ತು. ಒಳಗೆ ಹೋದ ಎಣ್ಣೆ ಹೊಗೆಯೊಡನೆ ಹೊರಬಂದು ವಿಮಾನ ನಡೆಸುವವನ ಮುಖಕ್ಕೇ ಎರಚುತ್ತಿತ್ತು. ಆಗ ಹರಳುಬೀಜಕ್ಕೆ ಮುಖ್ಯ ತವರು ಭಾರತವೇ. ರಾಗಿಯ ಹೊಲದ ಅಂಚಿನ ಗಿಡ ಹೀಗೆ ಆಕಾಶವನ್ನೂ ಮುಟ್ಟಿತು. ಗಮನಿಸಿ: ಆ ವಿಮಾನದಲ್ಲಿಯೂ ಎಣ್ಣೆಯನ್ನು ಹಾಕುತ್ತಿದ್ದರೇ ಹೊರತು ಬದಲಿಸುತ್ತಿರಲಿಲ್ಲ. ಆರಂಭದ ಮೋಟಾರು ಕಾರುಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಹನಿಹನಿಯಾಗಿ ಬಿದ್ದ ಎಣ್ಣೆ ತನ್ನ ಕೆಲಸ ಮುಗಿಸಿ ರಸ್ತೆಗೆ ಸೋರುತ್ತಿತ್ತು ಅಥವಾ ಉರಿದು ಹೋಗುತ್ತಿತ್ತು.

ಬದಲಾವಣೆ ಬಂದದ್ದು ಎಂಜಿನ್ನಿನ ಕೆಳಗೆ ಒಂದು ತಟ್ಟೆಯನ್ನು ಕಟ್ಟಿ, ಅದೇ ಎಣ್ಣೆಯನ್ನು ಮತ್ತೆ ಮತ್ತೆ ಮೇಲಕ್ಕೆ ಎರಚುವ, ಅನಂತರ ಪಂಪಿನಿಂದ ಒತ್ತಿ ಕಳುಹಿಸುವ ಏರ್ಪಾಡಿನಿಂದ. ಎಣ್ಣೆಯ ಖರ್ಚು ಉಳಿಯಿತು. ಆದರೆ ಕೊಳೆ ಒಳಗೇ ನಿಂತಿತು. ಮಸಿ, ಲೋಹದ ಪುಡಿ, ಹಬೆಯ ನೀರು, ಉರಿಯದ ಪೆಟ್ರೋಲು ಎಲ್ಲವೂ ಆ ಎಣ್ಣೆಯಲ್ಲಿಯೇ ಸೇರುತ್ತವೆ. ಬಿಸಿಯಿಂದ ಎಣ್ಣೆಯೂ ಕೆಡುತ್ತದೆ. ಹರಳೆಣ್ಣೆಯಂಥ ಗಿಡದ ಎಣ್ಣೆ ಹೀಗೆ ಬಹುಕಾಲ ಕಾದರೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ನೆಲದೊಳಗಿನ ಖನಿಜ ಎಣ್ಣೆ ಗೆದ್ದಿತು. ೧೯೧೧ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಎಣ್ಣೆಯ ದಪ್ಪ ತೆಳುವುಗಳಿಗೆ ಅಂಕಿಗಳನ್ನು ಗೊತ್ತುಮಾಡಿತು. ಇಂದಿಗೂ ಡಬ್ಬದ ಮೇಲೆ ಕಾಣುವ ಎಸ್.ಎ.ಇ. ಸಂಖ್ಯೆ ಅದರ ಸಂತತಿ. ೧೯೨೩ರಲ್ಲಿ ಅಮೆರಿಕದಲ್ಲಿಯೇ ಎಣ್ಣೆಯ ಸೋಸುಕ, ಅಂದರೆ ಫಿಲ್ಟರು ಬಂತು. ಮುಂದೆ ಎಣ್ಣೆಗೆ ಕೊಳೆ ಬಿಡಿಸುವ ಔಷಧಗಳನ್ನು ಬೆರೆಸಿದರು. ಎಣ್ಣೆ ಕಪ್ಪಾಯಿತೆಂದು ಗಾಬರಿಪಡುವ ಗಿರಾಕಿಗಳಿಗೆ ನಾನು ಹೇಳುತ್ತಿದ್ದುದು ಇದನ್ನೇ: ಕಪ್ಪಾಗುವುದು ಎಣ್ಣೆಯ ದೋಷವಲ್ಲ, ಎಂಜಿನ್ನಿನ ಕೊಳೆಯನ್ನು ತಾನು ಹೊತ್ತುಕೊಂಡುದರ ಗುರುತು. ಹೊರುವ ಶಕ್ತಿ ತೀರಿದಾಗ ಅದನ್ನು ಇಳಿಸಬೇಕು. ಬದಲಿಸುವುದೆಂದರೆ ಇಷ್ಟೇ.

ಈ ಹೊಸ ಕೆಲಸ ನಮ್ಮ ಸೀಮೆಗೆ ಬಸ್ಸುಗಳ ಜೊತೆಯಲ್ಲಿ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಕಂಟ್ರೋಲಿಗೆ ಒಳಪಟ್ಟು, ಬೆನ್ನಿಗೆ ಒಲೆ ಕಟ್ಟಿಕೊಂಡ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಅದರ ಬೂದಿ ಮಸಿಗಳಿಂದ ಎಂಜಿನ್ನಿನ ಎಣ್ಣೆ ಬೇಗ ಕೆಡುತ್ತಿತ್ತು. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾಯಿತು. ೧೯೬೧ರಲ್ಲಿ ಅದು ಕಾರ್ಪೊರೇಷನ್ನಾಯಿತು. ಡಿಪೋ ಎಂದಮೇಲೆ ಗುಂಡಿ, ಗುಂಡಿಯಲ್ಲಿ ನಿಂತು ತಲೆಯ ಮೇಲಿನ ಬಸ್ಸಿನಿಂದ ಎಣ್ಣೆ ಇಳಿಸುವ ಆಳು. ಆಗ ಎಣ್ಣೆ ಮಾರುತ್ತಿದ್ದವು ಬರ್ಮಾ ಷೆಲ್, ಎಸ್ಸೊ, ಕ್ಯಾಲ್ಟೆಕ್ಸ್ ಮುಂತಾದ ಪರದೇಶದ ಕಂಪನಿಗಳು. ೧೯೭೨ರಲ್ಲಿ ಇಂಡಿಯನ್ ಆಯಿಲಿನ ‘ಸರ್ವೋ’ ಬಂತು. ೧೯೭೪ರಲ್ಲಿ ಎಸ್ಸೊ, ೧೯೭೬ರಲ್ಲಿ ಬರ್ಮಾ ಷೆಲ್ ರಾಷ್ಟ್ರದ ವಶವಾದವು. ಮೈಸೂರಿನಲ್ಲಿ ೧೯೬೧ರಲ್ಲಿ ಶುರುವಾಗಿ ೧೯೯೬ರಲ್ಲಿ ಮುಚ್ಚಿದ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳು ಮಾತ್ರ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿದ್ದವು. ಅವು ಎರಡು ಸ್ಟ್ರೋಕಿನವು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಿದರೆ ಅದು ಉರಿದು ನೀಲಿ ಹೊಗೆಯಾಗುತ್ತಿತ್ತು. ಗೇರ್ ಪೆಟ್ಟಿಗೆಯ ಎಣ್ಣೆಯನ್ನಷ್ಟೇ ಬದಲಿಸಬೇಕಾಗಿತ್ತು.

ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ದರ್ಶನಕ್ಕೆ ಮಕ್ಕಳ ಫಲ ಬೇಡಿ ದೂರದ ಊರುಗಳಿಂದ ದಂಪತಿಗಳು ಬರುತ್ತಾರೆ. ನನ್ನ ಹಿರಿಯರ ಕಾಲದಲ್ಲಿ ಅವರು ಬರುತ್ತಿದ್ದುದು ಗಾಡಿಯಲ್ಲಿ. ನನ್ನ ಕಾಲಕ್ಕೆ ಕಾರು, ವ್ಯಾನುಗಳಲ್ಲಿ. ದಾರಿಯಲ್ಲಿ ಎಣ್ಣೆಯ ದೀಪ ಕೆಂಪಗೆ ಹೊತ್ತಿಕೊಂಡಿತೆಂದು ನನ್ನಲ್ಲಿಗೆ ಬಂದವರುಂಟು. ಕೆಲಸ ನೋಡಲು ಸುಲಭ. ಎಂಜಿನ್ ಬೆಚ್ಚಗಿರುವಾಗಲೇ ತಳದ ಬೋಲ್ಟನ್ನು ಬಿಚ್ಚಬೇಕು. ತಣ್ಣಗಾದರೆ ಕೊಳೆ ಒಳಗೇ ತಂಗುತ್ತದೆ. ಕೊನೆಯ ಹನಿ ಬೀಳುವವರೆಗೆ ತಾಳ್ಮೆ ಬೇಕು. ಹೊಸ ಫಿಲ್ಟರಿನ ರಬ್ಬರು ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ, ಕೈಯಿಂದಲೇ ಬಿಗಿಯಬೇಕು. ಬೋಲ್ಟಿನ ವಾಷರು ಹೊಸದಾಗಿರಬೇಕು. ಅಳತೆಯ ಕಡ್ಡಿ ಅದ್ದಿ ನೋಡಿ ಎರಡು ಗೆರೆಗಳ ನಡುವೆ ಎಣ್ಣೆ ನಿಲ್ಲುವಂತೆ ತುಂಬಬೇಕು. ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಹಳೆಯ ಅಂಬಾಸಿಡರಿಗೆ ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಮಾಡಬೇಕಾಗಿದ್ದ ಈ ಕೆಲಸ ಇಂದಿನ ಕಾರುಗಳಿಗೆ ಹೆಚ್ಚುಕಡಿಮೆ ಹತ್ತು ಸಾವಿರಕ್ಕೊಮ್ಮೆ ಸಾಕು.

ದೋಣಿಯ ಎಂಜಿನ್ನಿನದು ಬೇರೆ ಕಥೆ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ೧೯೭೪ರಲ್ಲಿ ಮುಗಿದ ಮೇಲೆ ಅದರ ಹಿನ್ನೀರಿನಲ್ಲಿ, ಕಾಡುಪ್ರಾಣಿಗಳನ್ನು ತೋರಿಸುವ ಮೋಟಾರು ದೋಣಿಗಳು ಕಾಣಿಸಿಕೊಂಡವು. ದೋಣಿಯ ಹಿಂದೆ ತೂಗುಹಾಕಿದ ಎಂಜಿನ್ನನ್ನು ಬಿಚ್ಚಿ ದಡಕ್ಕೆ ತರಬಹುದು. ಅಂಥವು ಒಮ್ಮೊಮ್ಮೆ ನನ್ನ ಅಂಗಡಿಗೂ ಬಂದವು. ಅವುಗಳ ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಬಂದರೆ ಒಳಗೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ಸೀಲು ಬದಲಿಸದೆ ಎಣ್ಣೆ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಮಲ್ಪೆ, ಮಂಗಳೂರುಗಳ ಮೀನುಗಾರಿಕೆಯ ಬೋಟುಗಳಲ್ಲಿ ಎಂಜಿನ್ ಹೊಟ್ಟೆಯೊಳಗೇ ಕೂತಿರುತ್ತದೆ. ಅದರ ಕೆಳಗೆ ತಟ್ಟೆಯಿಡಲು ಜಾಗವಿಲ್ಲ. ಕಡ್ಡಿಯ ರಂಧ್ರದಿಂದ ಕೊಳವೆ ಇಳಿಸಿ ಕೈಪಂಪಿನಿಂದ ಎಳೆಯಬೇಕು. ಕೈತಪ್ಪಿ ಚೆಲ್ಲಿದ್ದು ತಳದ ನೀರಿನೊಡನೆ ಬೆರೆಯುತ್ತದೆ. ಆ ನೀರನ್ನು ಹೊರಗೆ ಹಾಕಿದರೆ ಎಣ್ಣೆಯೂ ಸಮುದ್ರಕ್ಕೆ ಹೋಗುತ್ತದೆ. ನೆಲದ ಮೇಲೆ ಮಾಡಿದ ತಪ್ಪು ನೀರಿಗೆ ತಲುಪಲು ಮಳೆಗಾಲದವರೆಗೆ ಕಾಯಬೇಕು. ದೋಣಿಯಲ್ಲಿ ಅಷ್ಟು ಬಿಡುವೂ ಇಲ್ಲ.

ಈಗ ಹಳೆಯ ಎಣ್ಣೆಯ ಮಾತು. ಚಿಕ್ಕ ಕಾರೊಂದರಿಂದ ಸುಮಾರು ಮೂರು ಲೀಟರು ಇಳಿಯುತ್ತದೆ. ಅರವತ್ತಾರು ಕಾರುಗಳಿಗೆ ೨೦೦ ಲೀಟರಿನ ಒಂದು ಡ್ರಮ್ಮು ತುಂಬುತ್ತದೆ. ನಮ್ಮ ಜನ ಯಾವುದನ್ನೂ ಸುಮ್ಮನೆ ಬಿಸಾಡುವವರಲ್ಲ. ಆ ಗುಣ ಇಲ್ಲಿ ಮುಳುವಾಯಿತು. ಗೆದ್ದಲು ಹಿಡಿಯದಂತೆ ಕಂಬಗಳಿಗೆ ಬಳಿಯಲು, ತಾರಸಿ ಹಾಕುವಾಗ ಹಲಗೆಗೆ ಕಾಂಕ್ರೀಟು ಅಂಟದಂತೆ ಸವರಲು, ಗಾಡಿಯ ಅಚ್ಚಿಗೆ ಹಾಕಲು, ಉಣ್ಣೆ ಹತ್ತಿದ ದನದ ಮೈಗೆ ಹಚ್ಚಲು ಸಹ ಒಂದು ಡಬ್ಬ ಕೊಡಿರೆಂದು ಕೇಳಿಕೊಂಡು ಬರುತ್ತಿದ್ದರು. ‘ಕೀಲೆಣ್ಣೆಯೂ ಕಪ್ಪು, ಇದೂ ಕಪ್ಪು, ಅದಕ್ಕಿಲ್ಲದ ದೋಷ ಇದಕ್ಕೇಕೆ ಸ್ವಾಮಿ?’ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕೀಲೆಣ್ಣೆಯ ಕಪ್ಪು ಹುಲ್ಲಿನ ಕರಿ. ಎಂಜಿನ್ನಿನ ಕಪ್ಪಿನಲ್ಲಿ ಲೋಹದ ಕಣಗಳಿವೆ, ಸುಟ್ಟ ಇಂಧನದ ವಿಷಗಳಿವೆ. ಸೀಸ ಬೆರೆತ ಪೆಟ್ರೋಲು ೨೦೦೦ದಲ್ಲಿ ನಿಲ್ಲುವವರೆಗೆ ಸೀಸವೂ ಇತ್ತು. ದನ ತನ್ನ ಮೈಯನ್ನು ನೆಕ್ಕುತ್ತದೆ. ಹಾಲನ್ನು ನಾವು ಕುಡಿಯುತ್ತೇವೆ. ಚರ್ಮಕ್ಕೆ ಪದೇಪದೇ ತಗುಲಿದರೆ ಈ ಎಣ್ಣೆ ಕ್ಯಾನ್ಸರಿಗೂ ದಾರಿ. ಲ್ಯಾಂಕಷೈರಿನ ಹತ್ತಿ ಗಿರಣಿಗಳ ನೂಲುಗಾರರಿಗೆ ಯಂತ್ರದ ಖನಿಜ ಎಣ್ಣೆಯಿಂದ ಚರ್ಮದ ಕ್ಯಾನ್ಸರ್ ಬರುತ್ತಿದ್ದುದನ್ನು ೨೦ನೆಯ ಶತಮಾನದ ಆರಂಭದಲ್ಲಿಯೇ ವೈದ್ಯರು ಗುರುತಿಸಿದ್ದರು.

ನೀರಿನ ಲೆಕ್ಕ ಇನ್ನೂ ಕಠಿಣ. ಒಂದು ಲೀಟರು ಹಳೆಯ ಎಣ್ಣೆ ಹತ್ತು ಲಕ್ಷ ಲೀಟರಿನಷ್ಟು ನೀರನ್ನು ಕೆಡಿಸಬಲ್ಲದು ಎಂಬುದು ಪರಿಸರ ಇಲಾಖೆಗಳು ಕೊಡುವ ಅಂದಾಜು. ನಮ್ಮ ಊರುಗಳ ಮೇಲೆ ಬಿದ್ದ ಮಳೆ ಕಡೆಗೆ ಸೇರುವುದು ಕಾವೇರಿಯನ್ನೇ. ನಂಜನಗೂಡಿನಲ್ಲಿ ಭಕ್ತರು ಮುಳುಗುವ ಕಪಿಲೆ, ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ತಿರುಮಕೂಡಲಿನ ಸಂಗಮ, ಅಲ್ಲಿಂದ ಮುಂದೆ ತಲಕಾಡು. ಅದರ ಕೆಳಗೆ ಹರಿಯುವ ಇದೇ ಕಾವೇರಿಯಿಂದ ೧೯೭೪ರಿಂದ ಬೆಂಗಳೂರಿಗೆ ಕುಡಿಯುವ ನೀರು. ರಸ್ತೆಬದಿಯ ಚರಂಡಿಗೆ ಸುರಿದ ಮೂರು ಲೀಟರು ಯಾರ ಲೋಟವನ್ನು ಸೇರುತ್ತದೆಂದು ಸುರಿದವನು ನೋಡುವುದಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. ೧೯೮೯ರಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಂದವು. ೨೦೧೬ರ ನಿಯಮಗಳ ಪ್ರಕಾರ ಹಳೆಯ ಎಣ್ಣೆ ಅಧಿಕೃತ ಶುದ್ಧೀಕರಣ ಘಟಕಗಳಿಗೇ ಹೋಗಬೇಕು. ಎಣ್ಣೆ ತಯಾರಿಸುವವರೇ ಹಳೆಯ ಎಣ್ಣೆಯ ಮರುಶುದ್ಧಿಗೆ ಹೊಣೆಯೆಂಬ ೨೦೨೩ರ ತಿದ್ದುಪಡಿ ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಇದು ಬರಿಯ ದಂಡದ ಮಾತಲ್ಲ, ಲಾಭದ ಮಾತೂ ಹೌದು. ೧೫೯ ಲೀಟರಿನ ಒಂದು ಪೀಪಾಯಿ ಕಚ್ಚಾ ಎಣ್ಣೆಯಿಂದ ದೊರೆಯುವ ಕೀಲೆಣ್ಣೆಯ ಅಂಶ ಸುಮಾರು ಎರಡೂವರೆ ಲೀಟರು; ಅಷ್ಟನ್ನೇ ನಾಲ್ಕು ಲೀಟರಿಗೂ ಕಡಿಮೆ ಹಳೆಯ ಎಣ್ಣೆಯಿಂದ ಪಡೆಯಬಹುದು. ಎಣ್ಣೆ ಸಾಯುವುದಿಲ್ಲ, ಕೊಳೆಯಾಗುತ್ತದೆ, ಅಷ್ಟೇ. ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾನೂನಿಗೂ ಹಳ್ಳಿಯ ಅಂಗಡಿಗೂ ನಡುವೆ ಮಾತ್ರ ಇನ್ನೂ ಅಂತರವಿದೆ. ದೊಡ್ಡ ಷೋರೂಮಿನವರಲ್ಲಿಗೆ ಲಾರಿ ಬಂದು ಎಣ್ಣೆ ಒಯ್ಯುತ್ತದೆ. ಒಂದು ಡ್ರಮ್ಮು ತುಂಬಲು ತಿಂಗಳುಗಟ್ಟಲೆ ಹಿಡಿಯುವ ಚಿಕ್ಕವನ ಬಾಗಿಲಿಗೆ ಅಷ್ಟು ದೂರ ಯಾರು ಬಂದಾರು? ಅವನಲ್ಲಿಗೆ ಬರುವವನು ಇಟ್ಟಿಗೆ ಗೂಡಿಗೋ ಒಲೆಗೋ ಉರಿಸಲು ಕೊಳ್ಳುವ ದಲ್ಲಾಳಿ. ಅವನು ಕೈಯಲ್ಲಿ ಹಣವನ್ನೂ ಇಡುತ್ತಾನೆ. ನಾನು ಹಲವು ಬಾರಿ ತುಂಬಿದ ಡ್ರಮ್ಮನ್ನು ಬಾಡಿಗೆಯ ಟೆಂಪೋದಲ್ಲಿ ಮೈಸೂರಿಗೆ ಸಾಗಿಸಿದ್ದುಂಟು. ಬಾಡಿಗೆ ಕಳೆದರೆ ಉಳಿದದ್ದು ಅಷ್ಟಕ್ಕಷ್ಟೆ. ಹೋಬಳಿಗೊಂದು ಕಡೆ, ಹಾಲಿನ ಡೇರಿಯಂತೆ, ಚಿಕ್ಕ ಚಿಕ್ಕ ಅಂಗಡಿಗಳ ಎಣ್ಣೆಯನ್ನು ಅಳೆದು ತೆಗೆದುಕೊಂಡು ಹಣ ಕೊಡುವ ಏರ್ಪಾಡಾಗಬೇಕು. ಹಾಲನ್ನು ಹನಿಹನಿಯಾಗಿ ಕೂಡಿಸಲು ಕಲಿತ ಜಿಲ್ಲೆಗೆ ಇದು ಅಸಾಧ್ಯವೇನಲ್ಲ.

ಈ ಕಸುಬಿಗೂ ಒಂದು ದಿನ ಕೊನೆಯಿದೆ. ೨೦೦೧ರಲ್ಲಿ ಬೆಂಗಳೂರಿನಿಂದಲೇ ‘ರೇವಾ’ ಎಂಬ ವಿದ್ಯುತ್ ಕಾರು ಹೊರಬಂತು. ಇಂದು ವಿದ್ಯುತ್ ಸ್ಕೂಟರುಗಳು ನಮ್ಮ ಹಳ್ಳಿಗಳ ದಾರಿಯಲ್ಲಿಯೂ ಸದ್ದಿಲ್ಲದೆ ಸರಿದು ಹೋಗುತ್ತವೆ. ಅವಕ್ಕೆ ಎಂಜಿನ್ನೂ ಇಲ್ಲ, ಇಳಿಸಬೇಕಾದ ಕಪ್ಪೆಣ್ಣೆಯೂ ಇಲ್ಲ. ಕೀಲೆಣ್ಣೆಯ ಗೊಟ್ಟ ಮರೆಯಾದಂತೆ ನನ್ನ ಅಂಗಡಿಯ ಡ್ರಮ್ಮೂ ಮರೆಯಾಗುವುದು. ಆದರೆ ಅವುಗಳ ಬ್ಯಾಟರಿ ತೀರಿದಾಗ ಅದನ್ನೆಲ್ಲಿ ಇಡಬೇಕೆಂಬ ಪ್ರಶ್ನೆ ಈಗಾಗಲೇ ಹುಟ್ಟಿದೆ. ಹೊಸದನ್ನು ಮಾರುವವನು ಹಳೆಯದಕ್ಕೂ ಜಾಗ ತೋರಿಸಬೇಕು. ಕೀಲೆಣ್ಣೆಯ ಕಾಲದಲ್ಲಿ ಆ ಜಾಗವನ್ನು ಮಣ್ಣೇ ಕೊಡುತ್ತಿತ್ತು. ಈಗ ಕೊಡಬೇಕಾದವರು ನಾವು.